ವೈಫೈ ಬೀಗ: ಪಾಸ್‌ವರ್ಡ್ ನಿಮ್ಮದು, ಕೀಲಿ ಮಾಡುವುದು ರೌಟರ್



ರಾಯದುರ್ಗ, ಮಡಕಶಿರಾ ಕಡೆಯ ಮನೆ, ಅಂಗಡಿಗಳಲ್ಲೂ ಈಗ ವೈಫೈ ಇದೆ. ನೆನಪಿಡಲು ಸುಲಭವೆಂದು ಅನೇಕರು ಮೊಬೈಲ್ ನಂಬರನ್ನೇ ಅದರ ಪಾಸ್‌ವರ್ಡ್ ಮಾಡಿಕೊಂಡಿರುತ್ತಾರೆ. ಇದು ಏಕೆ ಸಾಲದು ಎಂಬುದನ್ನು ಈ ಬಾರಿ ನೋಡೋಣ.

ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಮೊದಲ ಪ್ರಶ್ನೆಯೂ ನಿಮಗೇ ಬರುತ್ತದೆ. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳ ಹೊತ್ತಿಗೆ ಮಾಧ್ಯಮಗಳಿಗೆ ಬಂದ ಬೆದರಿಕೆ ಇ-ಮೇಲ್, ನವಿ ಮುಂಬಯಿಯ ಒಂದು ಮನೆಯ ವೈಫೈ ಮೂಲಕ ಹೋಗಿತ್ತು. ಕಳಿಸಿದವರು ಬೇರೆ, ಪೊಲೀಸರು ಮೊದಲು ವಿಚಾರಿಸಿದ್ದು ಆ ಮನೆಯವರನ್ನು.

ವೈಫೈಗೆ ಈವರೆಗೆ ನಾಲ್ಕು ಬಗೆಯ ಬೀಗಗಳು ಬಂದಿವೆ. ಪಾಸ್‌ವರ್ಡ್‌ನಿಂದ ಕೀಲಿ ಮಾಡುವ ರೀತಿಯಲ್ಲೇ ಅವುಗಳ ವ್ಯತ್ಯಾಸವಿದೆ.

ಡಬ್ಲ್ಯೂಇಪಿ (1997): ಎಲ್ಲರಿಗೂ, ಎಲ್ಲ ಹೊತ್ತಿಗೂ ಒಂದೇ ಕೀಲಿ. ಪ್ರತಿ ಸಂದೇಶಕ್ಕೂ ಅದರ ಜೊತೆ ಒಂದು ಬದಲಾಗುವ ಸಂಖ್ಯೆ ಸೇರುತ್ತದೆ. ಆದರೆ ಅಂಥ ಸಂಖ್ಯೆಗಳು 1,67,77,216 ಮಾತ್ರ, ಬೇಗನೆ ಮರುಕಳಿಸುತ್ತವೆ. ಒಂದು ನಿಮಿಷದೊಳಗೆ ಕೀಲಿ ಪತ್ತೆಮಾಡಬಹುದೆಂದು 2007ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು.

ಡಬ್ಲ್ಯೂಪಿಎ (2003): ಹಳೆಯ ಯಂತ್ರಗಳಲ್ಲೇ ನಡೆಯುವಂತೆ ಮಾಡಿದ ತಾತ್ಕಾಲಿಕ ದುರಸ್ತಿ. ಪ್ರತಿ ಸಂದೇಶಕ್ಕೂ ಕೀಲಿ ಬದಲಾಗುತ್ತದೆ. ಈಗ ಇದನ್ನೂ ಬಳಸಬಾರದು.

ಡಬ್ಲ್ಯೂಪಿಎ2 (2004): ಇಲ್ಲಿ ಎಇಎಸ್ ಎಂಬ ಗಟ್ಟಿ ವಿಧಾನವಿದೆ. ಪಾಸ್‌ವರ್ಡ್ ಮತ್ತು ವೈಫೈ ಹೆಸರನ್ನು ಸೇರಿಸಿ 4096 ಬಾರಿ ಅರೆದು ಒಂದು ಮೂಲ ಕೀಲಿ ಮಾಡುತ್ತಾರೆ. ಫೋನ್ ಸೇರಿಕೊಳ್ಳುವಾಗಲೆಲ್ಲ ಫೋನ್ ಮತ್ತು ರೌಟರ್ ತಲಾ ಒಂದು ಹೊಸ ಸಂಖ್ಯೆ ಕೊಟ್ಟು, ಅದರಿಂದ ಆ ಹೊತ್ತಿನ ಕೀಲಿ ಮಾಡಿಕೊಳ್ಳುತ್ತವೆ. ಮೂಲ ಕೀಲಿ ಗಾಳಿಯಲ್ಲಿ ಹೋಗುವುದೇ ಇಲ್ಲ.

ಆದರೂ ಒಂದು ಸಂದು ಉಳಿದಿದೆ. ಆ ಮಾತುಕತೆಯನ್ನು ಯಾರಾದರೂ ಒಮ್ಮೆ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದು. ನಿಮ್ಮ ರೌಟರ್‌ಗೆ ಇದು ಗೊತ್ತೇ ಆಗುವುದಿಲ್ಲ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಮಾಡುತ್ತದೆ. ಕೆಲವೇ ಗಂಟೆಗಳ ಕೆಲಸ! ನಿಮ್ಮ ನಂಬರ್ ಅಂಗಡಿಯ ಬೋರ್ಡಿನ ಮೇಲೇ ಇದ್ದರಂತೂ ಅಷ್ಟೂ ಬೇಕಿಲ್ಲ.

ಡಬ್ಲ್ಯೂಪಿಎ3 (2018): ಈ ಸಂದನ್ನು ಮುಚ್ಚಲೆಂದೇ ಬಂದದ್ದು. ಪ್ರತಿ ಊಹೆಯನ್ನೂ ರೌಟರ್ ಎದುರಿಗೇ ಪರೀಕ್ಷಿಸಬೇಕು. ಮನೆಗೆ ಒಯ್ದು ಊಹಿಸುವಂತಿಲ್ಲ. ಮುಂದೊಂದು ದಿನ ಪಾಸ್‌ವರ್ಡ್ ತಿಳಿದರೂ, ಹಿಂದೆ ಹಿಡಿದಿಟ್ಟ ಸಂದೇಶಗಳು ತೆರೆಯುವುದಿಲ್ಲ.

ಈಗ ಮಾಡಬೇಕಾದದ್ದು:

• ರೌಟರ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಆರಿಸಿ. ಹಳೆಯ ಫೋನ್‌ಗಳಿದ್ದರೆ ಡಬ್ಲ್ಯೂಪಿಎ2-ಡಬ್ಲ್ಯೂಪಿಎ3 ಎರಡೂ ಇರುವ ಆಯ್ಕೆ ಸಾಕು. ಅದೂ ಇಲ್ಲದಿದ್ದರೆ ಡಬ್ಲ್ಯೂಪಿಎ2, ಎಇಎಸ್.

• ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ: ಹುಣಸೆ, ಏಣಿ, ಸೋಮವಾರ, ಕಂಬಳಿ ಎಂಬಂತೆ. ಇದನ್ನೇ ಇಡಬೇಡಿ, ಇಲ್ಲಿ ಎಲ್ಲರೂ ಓದಿದ್ದಾರೆ!

• ಗಿರಾಕಿಗಳಿಗೆ, ನೆಂಟರಿಗೆ ಗೆಸ್ಟ್ ವೈಫೈ ಬೇರೆ ಇಡಿ.

• ರೌಟರ್ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಬೇರೆಯೇ ಇರುತ್ತದೆ. ಅದನ್ನೂ ಬದಲಿಸಿ.

ನಿಮ್ಮ ಮನೆಯದು ಮುಗಿದ ಮೇಲೆ, ಅಕ್ಕಪಕ್ಕದ ಹಿರಿಯರ ಮನೆಯಲ್ಲೂ ಒಮ್ಮೆ ನೋಡಿಕೊಡಿ. ಹತ್ತು ನಿಮಿಷದ ಕೆಲಸ.