ಸಂಗಮರವರಿಗೆ ಪೋರ್ಚುಗಲ್ಲಿನ ನೆಂಟ!

ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಹೋದವರೆಲ್ಲ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಶಾಸನದ ಮುಂದೆ ನಿಲ್ಲುತ್ತಾರೆ. ಅವನು ಕಡಿದಿಟ್ಟ ತನ್ನ ತಲೆ ಏಳನೆಯ ದಿನ ಮತ್ತೆ ಕೂಡಿಕೊಂಡ ಕಥೆ ಅದರಲ್ಲಿದೆ; ಶಾಸನ ಸುಮಾರು 1200ರದ್ದು. ಆ ಪವಾಡ ಇರಲಿ, ಶಾಸನದಲ್ಲಿ ಊರಿನ ಹೆಸರು ನೋಡಿ: ಅಬ್ಬಲೂರು! ಎಂಟು ನೂರು ವರ್ಷ ಬಾಯಿಂದ ಬಾಯಿಗೆ ದಾಟುವಾಗ ಒತ್ತಕ್ಷರ ಸವೆದೇ ಹೋಗಿದೆ.

ನಾಲಿಗೆ ಇಷ್ಟು ಮಾಡಬಲ್ಲದಾದರೆ ಇನ್ನೇನೇನು ಮಾಡಿರಬೇಡ?

1956ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿ, ಮರಾಠಿಯ ಒಡನಾಟದಲ್ಲಿತ್ತು. ಹೊಳೆಯುವ ಬಿಳಿ ಕಲ್ಲಿಗೆ ಪುಸ್ತಕದವರು ಅಮೃತಶಿಲೆ ಎಂದರೂ ಈ ಕಡೆಯ ಹಳಬರಿಗೆ ಅದು ಸಂಗಮರವರಿ. ಮರಾಠಿಯಿಂದ ಬಂದ ಮಾತು; ಮರಾಠಿಗೆ ಕೊಟ್ಟದ್ದು ಪಾರಸಿಯ ‘ಸಂಗ್-ಎ-ಮರ್ಮರ್’. ಆ ‘ಮರ್ಮರ್’ ಎಲ್ಲಿಯದು? ಗ್ರೀಕರ ‘ಮಾರ್ಮರೋಸ್’! ಅದೇ ಮಾತು ಪಡುವಣಕ್ಕೆ ಹೊರಟು, ಲ್ಯಾಟಿನ್ನಿನಲ್ಲಿ ‘ಮಾರ್ಮೊರ್’ ಆಗಿ, ಪೋರ್ಚುಗಲ್ಲಿನಲ್ಲೂ ಅದರ ನೆತ್ತಿಯ ಮೇಲಿನ ಗಲೀಸಿಯಾದಲ್ಲೂ ‘ಮಾರ್ಮೊರೆ’ ಆಗಿ ಕೂತಿದೆ. ಲಿಸ್ಬನ್ನಿನ ಕಲ್ಲುಕುಟಿಗನ ಮಾತಿಗೂ ನಮ್ಮ ಅಜ್ಜಂದಿರ ಮಾತಿಗೂ ಮೂಲ ಒಂದೇ!

ಮೈ ಜುಮ್ಮೆನ್ನುವುದು ಮುಂದಿನದಕ್ಕೆ. ‘ಮರ್’ ಆದಮೇಲೆ ಮತ್ತೆ ‘ಮರ್’ ಅನ್ನಲು ಬಹಳ ನಾಲಿಗೆಗಳಿಗೆ ಬೇಸರ. ಸ್ಪೇನಿನವರು ಕೊನೆಯ ರಕಾರ ಬಿಟ್ಟು ಲಕಾರ ಹಿಡಿದರು: ‘ಮಾರ್ಮೊಲ್’. ಫ್ರೆಂಚರು ನಡುವೆ ಬಕಾರ ತೂರಿಸಿ ‘ಮಾರ್ಬ್ರ್’ ಎಂದರು. ಇಂಗ್ಲಿಷರು ಅದನ್ನು ಎರವಲು ತಂದು, ಅದರ ರಕಾರವನ್ನೂ ಕಳೆದು ‘ಮಾರ್ಬಲ್’ ಮಾಡಿದರು. ಮರಾಠಿಗರು ಎರಡನೆಯ ಮಕಾರವನ್ನು ವಕಾರಕ್ಕೆ ತಿರುಗಿಸಿದರು, ಧಾರವಾಡದ ಕಡೆಯವರು ಹಾಗೇ ಉಳಿಸಿಕೊಂಡರು. ಸ್ಪೇನಿನವರು, ಫ್ರೆಂಚರು, ಮರಾಠಿಗರು ಒಬ್ಬರನ್ನು ನೋಡಿ ಒಬ್ಬರು ಮಾಡಿದ್ದಲ್ಲ, ಆದರೂ ಎಲ್ಲರೂ ಎಡವಿದ್ದು ಅದೇ ಕಲ್ಲಿಗೆ! ಜೋಡಿ ಮಕಾರವನ್ನೂ ಜೋಡಿ ರಕಾರವನ್ನೂ ಹಾಗೇ ಉಳಿಸಿಕೊಂಡವರಲ್ಲಿ ಪೋರ್ಚುಗೀಸರೂ ಗಲೀಸಿಯದವರೂ ಇದ್ದಾರೆ. ಹಟಮಾರಿಗಳೇ ಸರಿ.

ಇನ್ನೂ ಹಿಂದಕ್ಕೆ ಹೋದರೆ ಹೋಮರನ ಇಲಿಯಡ್. ಅಲ್ಲಿ ಗ್ರೀಕ್ ವೀರ ಪೆಟ್ರೋಕ್ಲಸ್ ಟ್ರಾಯ್‌ನ ಹೆಕ್ಟರನ ಸಾರಥಿಯ ಹಣೆಗೆ ಬೀಸಿ ಹೊಡೆಯುವುದು ಒಂದು ‘ಮಾರ್ಮರೋಸ್’ ಅನ್ನೇ. ನುಣುಪಿಲ್ಲದ, ಮುಳ್ಳುಮುಳ್ಳಾದ ಬರೀ ಕಲ್ಲು ಅದು! ಹೊಳೆಯುವುದು ಎಂಬ ಅರ್ಥದ ‘ಮರ್ಮೈರೀನ್’ ಕ್ರಿಯಾಪದದೊಂದಿಗೆ ಗ್ರೀಕರು ಅದನ್ನು ಜೋಡಿಸಿದ್ದು, ಅದು ಅಮೃತಶಿಲೆಯ ಹೆಸರಾದದ್ದು ಆಮೇಲಿನ ಮಾತು.

ಈಗ ಬಿಡಿಸಿ ನೋಡಿ. ಪಾರಸಿಯ ‘ಸಂಗ್’ ಎಂದರೆ ಕಲ್ಲು. ಹೋಮರನ ‘ಮಾರ್ಮರೋಸ್’ ಕೂಡ ಕಲ್ಲು. ಅಷ್ಟು ಸಾಲದೆಂದು ನಾವು ಹೇಳುವುದು ‘ಸಂಗಮರವರಿ ಕಲ್ಲು’. ಗೇಟುಬಾಗಿಲು ಎಂದು ನಗುವವರು ಇದನ್ನು ಕೇಳಬೇಕು: ಮೂರು ಭಾಷೆ, ಮೂರು ಸಲ, ಕಲ್ಲು ಕಲ್ಲು ಕಲ್ಲು!