ಬೆದೆ ಎಂಬ ಮಾತು

ಕನ್ನಡದ ಕೆಲವು ಮಾತುಗಳು ಕೊಟ್ಟಿಗೆಯಿಂದ ಹೊರಟು ಪಟ್ಟಣದ ಬಾಗಿಲವರೆಗೆ ಬಂದು, ಯಾರೋ ತಡೆದಂತೆ ಅಲ್ಲಿಯೇ ನಿಂತುಬಿಡುತ್ತವೆ. ‘ಬೆದೆ’ ಅಂಥದೊಂದು ಮಾತು. ಹಸು ಬೆದೆಗೆ ಬಂದಿತೆಂದು ಹಳ್ಳಿಯ ಅಜ್ಜಿ ಜಗಲಿಯ ಮೇಲೆ ಕುಳಿತು ನಿಸ್ಸಂಕೋಚವಾಗಿ ಹೇಳುತ್ತಾಳೆ. ಪಟ್ಟಣದ ಮನೆಯಲ್ಲಿ ಸಾಕಿದ ನಾಯಿಯ ವಿಷಯದಲ್ಲಿ ಅದನ್ನೇ ಹೇಳಬೇಕಾಗಿ ಬಂದರೆ ನಾವು ಗಂಟಲು ಸರಿಪಡಿಸಿಕೊಂಡು ‘ಹೀಟು’ ಎನ್ನುತ್ತೇವೆ. ಇಂಗ್ಲಿಷಿನ ತೆರೆ ಅಡ್ಡವಿದ್ದರೆ ಮಾನ ಉಳಿಯಿತೆಂದು ನಮ್ಮ ಭಾವನೆ.

ಆದರೆ ಈ ಮಾತಿನ ಮನೆತನ ದೊಡ್ಡದು. ರೈತನು ‘ಹದಬೆದೆ’ ಎಂದನೆಂದರೆ ನೆಲವು ಬಿತ್ತನೆಗೆ ತಕ್ಕ ತೇವವನ್ನು ಪಡೆದಿದೆ ಎಂದರ್ಥ. ಬಿತ್ತು, ಬಿತ್ತನೆ, ಬೆದೆ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಶಾಸ್ತ್ರಗ್ರಂಥಗಳ ‘ಈಸ್ಟ್ರಸ್’ ಎಂಬ ಪದವನ್ನು ಈ ಅರ್ಥದಲ್ಲಿ 1900ರಲ್ಲಿ ಬಳಕೆಗೆ ತಂದವನು ವಾಲ್ಟರ್ ಹೀಪ್ ಎಂಬ ಪ್ರಾಣಿಶಾಸ್ತ್ರಜ್ಞ. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ದನಗಳನ್ನು ಕಚ್ಚುವ ನೊಣ ಎಂದರ್ಥ. ಪುರಾಣದಲ್ಲಿ ಹಸುವಾಗಿ ಮಾರ್ಪಟ್ಟ ಅಯೋ ಎಂಬ ಕನ್ಯೆಯನ್ನು ದೇಶದಿಂದ ದೇಶಕ್ಕೆ ಅಟ್ಟಿದ ನೊಣವೂ ಅದೇ. ಗ್ರೀಕನಿಗೆ ಕಂಡದ್ದು ಹುಚ್ಚೆಬ್ಬಿಸುವ ಕಡಿತ. ನಮ್ಮ ರೈತನಿಗೆ ಕಂಡದ್ದು ಹದಗೊಂಡ ನೆಲ. ನನಗೆ ನಮ್ಮವನ ಕಣ್ಣೇ ಮೆಚ್ಚುಗೆ, ಕೇವಲ ಭಾಷಾಭಿಮಾನದಿಂದಲ್ಲ. ಹದ ಬರುತ್ತದೆ, ಕಳೆಯುತ್ತದೆ, ಅದಕ್ಕೊಂದು ಲೆಕ್ಕವಿದೆ.

ಹಸುವಿನ ಲೆಕ್ಕ ಸುಮಾರು 21 ದಿನಗಳದು. ಬೆದೆ ಒಂದು ದಿನವೂ ಪೂರ್ತಿ ನಿಲ್ಲುವುದಿಲ್ಲ. ಅದು ತಪ್ಪಿದರೆ ಹಾಲು ತಪ್ಪುವುದರಿಂದ ರೈತನು ಅದನ್ನು ಬಲ್ಲ. ನಾಯಿಬೆಕ್ಕುಗಳಿಂದ ಅಂಥ ಲಾಭವಿಲ್ಲ, ನಮಗೆ ಆ ಅರಿವೂ ಇಲ್ಲ.

ಹೆಣ್ಣುನಾಯಿ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಮೊದಲ ಒಂಬತ್ತು ದಿನಗಳಷ್ಟು ಕಾಲ ಬಾವು, ರಕ್ತಸ್ರಾವ. ಬೀದಿಯ ಗಂಡುನಾಯಿಗಳೆಲ್ಲ ಗೇಟಿನ ಮುಂದೆ ಬೀಡುಬಿಡುತ್ತವೆ; ಹೆಣ್ಣು ಯಾವುದನ್ನೂ ಹತ್ತಿರ ಸೇರಿಸದು. ಅನಂತರ ಸ್ರಾವ ತಿಳಿಯಾಗುತ್ತದೆ. ಗಂಡಾಂತರ ಕಳೆಯಿತೆಂದು ಮನೆಯವರು ಸರಪಳಿ ಬಿಚ್ಚುವುದು ಆಗಲೇ. ಆದರೆ ಅದು ಬಾಲವನ್ನು ಓರೆಮಾಡಿ ಗಂಡನ್ನು ಒಪ್ಪಿಕೊಳ್ಳುವ ಕಾಲ ಆರಂಭವಾಗುವುದೂ ಆಗಲೇ! ಇನ್ನು ಕೂಡಿಕೊಂಡ ನಾಯಿಗಳಿಗೆ ಕಲ್ಲೆಸೆದು ಬೇರ್ಪಡಿಸುವ ಶೂರರು ಪ್ರತಿ ಊರಿನಲ್ಲಿಯೂ ಇದ್ದಾರೆ. ಗಂಡಿನ ಅಂಗದ ಬುಡ ಊದಿಕೊಳ್ಳುವುದರಿಂದ ಕೆಲವು ನಿಮಿಷಗಳಿಂದ ಅರ್ಧಗಂಟೆಯವರೆಗೆ ಅವು ಬೇರೆಯಾಗಲಾರವು. ಎಳೆದರೆ ಎರಡಕ್ಕೂ ಗಾಯ. ಕಾರ್ತಿಕ ಮಾಸವೆಂದರೆ ನಾಯಿಗಳನ್ನು ನೆನೆದು ನಗುವ ವಾಡಿಕೆ ನಮ್ಮಲ್ಲಿದೆ. ಬೀದಿನಾಯಿಗಳ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಮನೆಯ ನಾಯಿಗೆ ಪಂಚಾಂಗದ ಹಂಗಿಲ್ಲ.

ಬೆಕ್ಕಿನ ರೀತಿಯೇ ಬೇರೆ. ನಮ್ಮ ಬೀದಿಯ ಗೃಹಿಣಿಯೊಬ್ಬರು ಒಂದು ಸಂಜೆ ಗಾಬರಿಯಿಂದ ಬಂದು, “ಮೇಷ್ಟ್ರೆ, ನಮ್ಮ ಬೆಕ್ಕಿಗೆ ಯಾರೋ ವಿಷ ಹಾಕಿದ್ದಾರೆ. ನೆಲದ ಮೇಲೆ ಹೊರಳಾಡಿ ಅಳುತ್ತಿದೆ, ಸ್ವಲ್ಪ ಬಂದು ನೋಡಿ” ಎಂದರು. ಹೋಗಿ ನೋಡಿದರೆ ಏಳು ತಿಂಗಳ ಮರಿ. ಬೆನ್ನು ಸವರಿದೊಡನೆ ಹಿಂಭಾಗವನ್ನೆತ್ತಿ ನಿಂತಿತು. “ವಿಷವಲ್ಲ ತಾಯಿ, ಬೆದೆ” ಎಂದೆ. ಆಕೆ ನಾಚಿದರು, ಒಳಗಿನಿಂದ ಅವರ ಅತ್ತೆ ಮಾತ್ರ, “ನಾನು ಬೆಳಿಗ್ಗೆಯೇ ಹೇಳಲಿಲ್ಲವೆ?” ಎಂದು ನಕ್ಕರು. ರಾತ್ರಿ ಬೆಕ್ಕು ಅತ್ತರೆ ಅಪಶಕುನವೆಂದು ಹೆದರುವವರು ಕೇಳುವ ಕೂಗೂ ಬಹುಮಟ್ಟಿಗೆ ಇದೇ. ಗಂಡನ್ನು ಕೂಡಿದ ಮೇಲೆಯೇ ಬೆಕ್ಕಿನ ಅಂಡವು ಸಾಮಾನ್ಯವಾಗಿ ಬಿಡುಗಡೆಯಾಗುವುದು. ಕೂಡದಿದ್ದರೆ ಎರಡು ಮೂರು ವಾರಗಳಲ್ಲಿ ಬೆದೆ ಮರಳುತ್ತದೆ. ಹಗಲಿನ ದೀರ್ಘತೆ ಅದನ್ನು ಆಳುತ್ತದೆ. ಚಳಿಗಾಲದಲ್ಲಿಯೂ ಹಗಲು ಬಹಳ ಕುಗ್ಗದ ನಮ್ಮ ನಾಡಿನಲ್ಲಿ ಅದಕ್ಕೆ ಬಿಡುವು ಕಡಮೆ.

ಎರಡಕ್ಕೂ ಗರ್ಭಕಾಲ ಸುಮಾರು ಒಂಬತ್ತು ವಾರ. ಅನಂತರದ ಕಥೆಯನ್ನು ಕೆರೆಯ ಏರಿಯ ಮೇಲೆ ಬೆಳಗಿನ ವಾಯುಸಂಚಾರಕ್ಕೆ ಹೋಗುವ ನಾನು ಗೋಣಿಚೀಲಗಳಲ್ಲಿ ಓದಿದ್ದೇನೆ. ಗಂಡುಮರಿಗಳನ್ನು ಕೇಳಿ ಒಯ್ಯುವವರಿದ್ದಾರೆ; ಚೀಲದಲ್ಲಿ ಉಳಿಯುವವು ಹೆಣ್ಣುಮರಿಗಳು. ಮುಂದೆ ಬೆದೆಗೆ ಬರುವುದೆಂಬುದೇ ಅವುಗಳ ಅಪರಾಧ. ಹೆಸರು ಹೇಳಲು ನಾಚುವ ನಾವು ಚೀಲದ ಬಾಯಿ ಕಟ್ಟಲು ನಾಚುವುದಿಲ್ಲ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಅಂಡಾಶಯ, ಗರ್ಭಕೋಶಗಳನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯನ್ನು ಪಶುವೈದ್ಯರು ದಿನನಿತ್ಯ ಮಾಡುತ್ತಾರೆ. ಸಾಕುಪ್ರಾಣಿಯ ಸಂತಾನಶಕ್ತಿಹರಣವು ಸಾಕಿದವರ ಹೊಣೆಯೆಂದು 2023ರ ಕೇಂದ್ರ ಸರ್ಕಾರದ ನಿಯಮಗಳೂ ಹೇಳುತ್ತವೆ. ‘ಒಂದು ಸಲವಾದರೂ ಮರಿ ಹಾಕಲಿ, ಪಾಪ’ ಎನ್ನುವವರಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ಮರಿ ಹಾಕದ ನಾಯಿಯೂ ಬೆದೆಯಾದ ಎರಡು ತಿಂಗಳಿಗೆ ಚಿಂದಿಬಟ್ಟೆ ಕೂಡಿಹಾಕಿ, ಮೊಲೆಯಲ್ಲಿ ಹಾಲು ತುಂಬಿಕೊಂಡು, ಇಲ್ಲದ ಮರಿಯನ್ನು ಕಾಯುವುದುಂಟು. ಅದು ಹಂಬಲವಲ್ಲ, ದೇಹದ ರಸಗಳ ಆಟ. ನಿಜವಾಗಿ ಹೆದರಬೇಕಾದದ್ದು ಬೇರೊಂದಿದೆ. ಶಸ್ತ್ರಚಿಕಿತ್ಸೆಯಾಗದ, ನಡುವಯಸ್ಸು ದಾಟಿದ ನಾಯಿ ಬೆದೆಯಾದ ಕೆಲವು ವಾರಗಳ ಮೇಲೆ ಅನ್ನ ಬಿಟ್ಟು ನೀರನ್ನೇ ಕುಡಿಯುತ್ತಿದ್ದರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಆಗ ನಾಳೆಯವರೆಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ಬೆದೆಗೆ ಬಂದದ್ದು ಯಾವಾಗ ಎಂದು ಅವರು ಕೇಳಿದಾಗ ಹೇಳಲು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಬೇಕು.