ಹೈಫಾದ ಬೆಟ್ಟವನ್ನೇರಿದ ಮೈಸೂರಿನ ಕುದುರೆಗಳು

ನಮ್ಮ ಸಂಘದ ಬಾಂಧವರಲ್ಲಿ ಅನೇಕರು ದಿನನಿತ್ಯ ಹಾದುಹೋಗುವ ವಿಲ್ಲಿಂಗ್ಡನ್ ಐಲ್ಯಾಂಡ್ ಪ್ರಕೃತಿದತ್ತವಾದ ದ್ವೀಪವಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರು ಹಡಗುಗಳ ದಾರಿಗಾಗಿ ಕೊಚ್ಚಿಯ ಹಿನ್ನೀರಿನ ತಳವನ್ನು ಅಗೆಸಿ, ಆ ಹೂಳನ್ನೇ ಒಟ್ಟಿಸಿ ನಿರ್ಮಿಸಿದ ನೆಲವದು. ಅಲ್ಲಿಯ ಬ್ಯಾಂಕಿನ ಶಾಖೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಸೈನ್ಯದಿಂದ ನಿವೃತ್ತರಾದ ಜೋಧಪುರದ ಹಿರಿಯರೊಬ್ಬರು ಪಿಂಚಣಿಯ ಕಾಗದಪತ್ರಗಳೊಡನೆ ಬರುತ್ತಿದ್ದರು. ಒಂದು ಸೆಪ್ಟೆಂಬರ್ 23ರಂದು ಅವರು ನನಗೆ ಸಿಹಿ ಕೊಟ್ಟು, "ಇಂದು ಹೈಫಾ ದಿನ. ತಾವು ಮೈಸೂರಿನವರಲ್ಲವೆ? ಹಾಗಾದರೆ ಇದು ತಮ್ಮ ಹಬ್ಬವೂ ಹೌದು" ಎಂದರು. ನಾನು ಸಿಹಿಯನ್ನು ತೆಗೆದುಕೊಂಡು ನಕ್ಕೆನೇ ಹೊರತು, ಅವರ ಮಾತಿನ ಅರ್ಥ ನನಗೆ ತಿಳಿದಿರಲಿಲ್ಲ. ಅವರ ಊರಿನವರು ಮಾಡಿದ್ದು ಅವರಿಗೆ ಗೊತ್ತಿತ್ತು. ನಮ್ಮವರು ಮಾಡಿದ್ದೂ ಅವರಿಗೇ ಗೊತ್ತಿತ್ತು. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಕಡಲು ದಾಟಿದ ರಾವುತರು

ಮೈಸೂರು ಸಂಸ್ಥಾನದಲ್ಲಿ ಸಿಲ್ಲೇದಾರರ ಕುದುರೆ ಪಡೆ ಬಹುಕಾಲದಿಂದ ಇತ್ತು. ಸಾಮ್ರಾಜ್ಯದ ಸೇವೆಗಾಗಿ ದೇಶೀಯ ಸಂಸ್ಥಾನಗಳು ತರಬೇತಾದ ಪಡೆಗಳನ್ನು ಇಟ್ಟುಕೊಳ್ಳಬೇಕೆಂಬ ಬ್ರಿಟಿಷರ ಯೋಜನೆಯಂತೆ 1892ರಲ್ಲಿ ಅದರಿಂದ ಹೊಸದೊಂದು ಭರ್ಜಿ ಪಡೆ ರೂಪುಗೊಂಡಿತು. ಅದೇ ಮುಂದೆ ಮೈಸೂರು ಲ್ಯಾನ್ಸರ್ಸ್ ಎಂದು ಹೆಸರಾಯಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿಗಳನ್ನು ಯುದ್ಧನಿಧಿಗೆ ನೀಡಿದರು. ತಮ್ಮ ಅಶ್ವದಳವನ್ನೂ ಕಳುಹಿಸಿದರು. ದಳದ ನಾಯಕತ್ವ ಬಿ. ಚಾಮರಾಜ ಅರಸರದು. ಹಿಂದೂಗಳೂ ಮುಸಲ್ಮಾನರೂ ಒಂದೇ ಸಾಲಿನಲ್ಲಿ ಕುದುರೆಯೇರಿದ್ದ ಪಡೆ ಅದು.

ಆಗ ಕಡಲಿನ ಪಯಣ ನಿರಾತಂಕವಾಗಿರಲಿಲ್ಲ. ಜರ್ಮನಿಯ 'ಎಮ್ಡನ್' ಎಂಬ ಯುದ್ಧನೌಕೆ 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆದಿತ್ತು. ಮಲಯಾಳದಲ್ಲಿ ಭಾರಿಯಾದುದಕ್ಕೆಲ್ಲ 'ಎಮಂಡನ್' ಎನ್ನುವ ಮಾತು ಈ ಹಡಗಿನಿಂದಲೇ ಬಂತೆಂದು ಇಲ್ಲಿಯವರು ಹೇಳುವುದುಂಟು. ಎಮ್ಡನ್ ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ನಾಶವಾಗುವವರೆಗೂ ಹಿಂದೂ ಮಹಾಸಾಗರದ ಹಡಗುಗಳಿಗೆ ನೆಮ್ಮದಿಯಿರಲಿಲ್ಲ. ಅಂಥ ದಿನಗಳಲ್ಲಿಯೇ ನಮ್ಮ ರಾವುತರೂ ಅವರ ಕುದುರೆಗಳೂ ಹಡಗಿನ ಒಡಲಿನಲ್ಲಿ ಈಜಿಪ್ಟಿಗೆ ಸಾಗಿದರು. ಅಲ್ಲಿ ಮೈಸೂರು, ಹೈದರಾಬಾದು ಸಂಸ್ಥಾನಗಳ ಪಡೆಗಳೂ, ಬಹಳ ತಡವಾಗಿ ಜೋಧಪುರದ ಪಡೆಯೂ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವ ಬ್ರಿಗೇಡಿನಲ್ಲಿ ಸೇರಿದವು. ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಅನಂತರ ಸಿನಾಯಿ ಮರುಭೂಮಿಯನ್ನು ದಾಟಿ ಪ್ಯಾಲೆಸ್ತೈನಿನ ಕಡೆಗೆ ನಡೆಯಬೇಕಾಯಿತು.

ಜರ್ಮನಿಯ ಅಶ್ವದಳದ ಪಾಠ

ಅಷ್ಟರಲ್ಲಿ ಯೂರೋಪಿನಲ್ಲಿ ಕುದುರೆಯ ಕಾಲ ಮುಗಿಯಿತೆಂಬ ಭಾವನೆ ಬಲವಾಗಿತ್ತು. ಯುದ್ಧದ ಆರಂಭಕ್ಕೆ ಜರ್ಮನಿಯ ಬಳಿ ಹನ್ನೊಂದು ಅಶ್ವ ಡಿವಿಜನ್‌ಗಳಿದ್ದವು. 1914ರ ಆಗಸ್ಟ್ 12ರಂದು ಬೆಲ್ಜಿಯಮಿನ ಹಾಲೆನ್ ಎಂಬ ಊರಿನಲ್ಲಿ ಅವುಗಳ ಪೈಕಿ ನಾಲ್ಕನೆಯ ಡಿವಿಜನ್ನು ಶತ್ರುವಿನ ಮೇಲೆ ಅಲೆಅಲೆಯಾಗಿ ನುಗ್ಗಿತು. ಬೆಲ್ಜಿಯಮಿನ ಸವಾರರು ಕುದುರೆಗಳಿಂದ ಇಳಿದು, ಬೇಲಿ ಹಾಗೂ ಮನೆಗಳ ಮರೆಯಲ್ಲಿ ಕುಳಿತು ಕೋವಿ ಹಾರಿಸಿದರು. ತಂತಿಬೇಲಿಗಳಿಗೂ ತಗ್ಗು ದಾರಿಗಳಿಗೂ ಸಿಲುಕಿದ ಜರ್ಮನ್ ಕುದುರೆಗಳು ರಾಶಿರಾಶಿಯಾಗಿ ಬಿದ್ದವು. ಸವಾರರ ಶಿರಸ್ತ್ರಾಣಗಳು ಹೊಲದ ತುಂಬ ಚೆಲ್ಲಿ ಹೋದುದರಿಂದ ಅದಕ್ಕೆ 'ಬೆಳ್ಳಿ ಶಿರಸ್ತ್ರಾಣಗಳ ಕದನ' ಎಂಬ ಹೆಸರು ಬಂತು. ಯುದ್ಧ ಮುಂದುವರಿದಂತೆ ಕುದುರೆಗಳ ಅಭಾವದಿಂದಲೂ ಕಂದಕಗಳ ಕಾಳಗದ ಅಗತ್ಯದಿಂದಲೂ ಜರ್ಮನರು ತಮ್ಮ ಅಶ್ವದಳಗಳಲ್ಲಿ ಬಹುಪಾಲನ್ನು ಕಾಲಾಳುಗಳನ್ನಾಗಿ ಮಾಡಿದರು.

ಹಾಲೆನ್‌ನಲ್ಲಿ ಸೋತದ್ದು ಧೈರ್ಯವಲ್ಲ. ಎದುರಿನ ಕೋವಿಯನ್ನು ಮೊದಲು ಅಡಗಿಸದೆ ಕುದುರೆಯನ್ನು ಬಿಟ್ಟದ್ದೇ ತಪ್ಪು. ಹೈಫಾದ ಕಥೆಯನ್ನು ಅರಿಯಲು ಈ ಮಾತು ನೆನಪಿನಲ್ಲಿರಬೇಕು.

ಕಣಿವೆಯ ಜ್ವರ

ಈ ಸಂಚಿಕೆಯಲ್ಲಿ ಆರೋಗ್ಯದ ಲೇಖನಗಳೂ ಇರುವುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. 1918ರ ಬೇಸಗೆಯನ್ನು ನಮ್ಮವರು ಜೋರ್ಡಾನ್ ನದಿಯ ಕಣಿವೆಯಲ್ಲಿ ಕಳೆದರು. ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಆ ತಾಣದಲ್ಲಿ ಉಸಿರು ಕಟ್ಟಿಸುವ ಸೆಕೆ, ಕಣ್ಣು ಮೂಗು ತುಂಬುವ ಧೂಳು, ಮೇಲೆ ಸೊಳ್ಳೆಗಳ ಹಾವಳಿ. ಸೈನಿಕರೇ ಜೌಗುಗಳನ್ನು ಬತ್ತಿಸಿ, ಕಾಲುವೆಗಳನ್ನು ತೋಡಿ ಮಲೇರಿಯವನ್ನು ತಕ್ಕಮಟ್ಟಿಗೆ ಹಿಡಿತದಲ್ಲಿಟ್ಟಿದ್ದರು. ಜುಲೈ 14ರಂದು ಶತ್ರುಗಳು ಆ ಕಣಿವೆಯಲ್ಲಿ ಆಕ್ರಮಣ ಮಾಡಿದಾಗ ಒಂದೆಡೆ ಜರ್ಮನ್ ಕಾಲಾಳುಗಳು ಬಂದರೆ, ಇನ್ನೊಂದೆಡೆ ತುರ್ಕಿಯ ಅಶ್ವದಳ ಬಂತು. ಆ ಅಶ್ವದಳವನ್ನು ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು ಎದುರಿಸಿ ಹಿಮ್ಮೆಟ್ಟಿಸಿದರು.

ಸೆಪ್ಟೆಂಬರ್ 23, 1918

ಸೆಪ್ಟೆಂಬರ್ 19ರಂದು ಸೇನಾಪತಿ ಅಲೆನ್ಬಿಯ ಮಹಾ ಆಕ್ರಮಣ ಮೊದಲಾಯಿತು. ತುರ್ಕರ ಸೇನಾಸಮೂಹದ ಅಧಿಪತಿ ಲಿಮಾನ್ ಫಾನ್ ಸಾಂಡರ್ಸ್. ಈತ ಜರ್ಮನಿಯ ಅಶ್ವದಳದಲ್ಲಿಯೇ ಬೆಳೆದ ಸೇನಾನಿ. ಮರುದಿನ ಮುಂಜಾನೆ ಬ್ರಿಟಿಷ್ ಪಕ್ಷದ ಅಶ್ವದಳ ನಜರೇತಿನ ಆತನ ಠಾಣ್ಯಕ್ಕೇ ನುಗ್ಗಲಾಗಿ, ಆತ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡ.

ಸೈನ್ಯಕ್ಕೆ ಸಾಮಗ್ರಿ ತರಿಸಿಕೊಳ್ಳಲು ಹೈಫಾದ ಬಂದರು ಬೇಕಾಗಿತ್ತು. ಸೆಪ್ಟೆಂಬರ್ 22ರಂದು ಕವಚದ ಮೋಟಾರುಗಳು ಅತ್ತ ಹೋಗಿ ತೋಪಿನ ಹೊಡೆತ ತಿಂದು ಹಿಂದಿರುಗಿದವು. ಮರುದಿನ ಆ ಕೆಲಸ 15ನೆಯ ಬ್ರಿಗೇಡಿಗೆ ಬಂತು. ಹೈದರಾಬಾದಿನ ಪಡೆ ಸೆರೆಯಾಳುಗಳ ಕಾವಲಿನಲ್ಲಿತ್ತು. ಉಳಿದವರು ಜೋಧಪುರದವರು ಮತ್ತು ಮೈಸೂರಿನವರು.

ದಾರಿ ಇಕ್ಕಟ್ಟಾದುದು. ಎಡಕ್ಕೆ ಕಾರ್ಮೆಲ್ ಬೆಟ್ಟ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜನ್ನೂ ಕೇರಳದಲ್ಲಿ ಈ ಹೆಸರು ಹೊತ್ತ ಇಗರ್ಜಿಗಳನ್ನೂ ಬಲ್ಲವರಿಗೆ ಹೆಸರು ಹೊಸತಲ್ಲ. ಬಲಕ್ಕೆ ಕಿಶೋನ್ ಹೊಳೆಯ ಜೌಗು. ನಡುವೆ ರಸ್ತೆ. ರಸ್ತೆಗೆ ಎದುರಾಗಿ ಮೆಷಿನ್‌ಗನ್ನುಗಳು, ಬೆಟ್ಟದ ಮೇಲೆ ತೋಪುಗಳು. ಹಾಲೆನ್‌ನ ದುರಂತ ಇಲ್ಲಿಯೂ ಮರುಕಳಿಸಬಹುದಾಗಿತ್ತು.

ಮೈಸೂರಿನವರ ಪಾಲು ಇಲ್ಲಿಯೇ ಇದೆ. ನಡುಹಗಲಿಗೆ ಮೊದಲೇ ಅವರ ಒಂದು ತುಕಡಿಯನ್ನು ಎರಡು ಮೆಷಿನ್‌ಗನ್ನುಗಳೊಡನೆ ಕಾರ್ಮೆಲ್ ಬೆಟ್ಟಕ್ಕೆ ಕಳುಹಿಸಲಾಯಿತು. ಕಡಿದಾದ ಕಾಲುದಾರಿಯಲ್ಲಿ ಬಳಲಿದ ಕುದುರೆಗಳು ಹಿಂದುಳಿದವು. ಗುಂಡಿನ ಆಸರೆ ನೀಡಲು ಕೆಲವರು ನಿಲ್ಲಬೇಕಾಯಿತು. ಕೊನೆಗೆ ತೋಪುಗಳ ಮೇಲೆ ಎರಗಲು ಉಳಿದ ಸವಾರರು ಹದಿನೈದರಷ್ಟು ಮಾತ್ರ. ಅಷ್ಟೇ ಜನ ನುಗ್ಗಿದರು. ಸಹಾಯಕ್ಕೆ ಬಂದ ಬ್ರಿಟಿಷ್ ಸವಾರರ ತುಕಡಿಯೊಂದು ಕೂಡಿಕೊಂಡು, ಬೆಟ್ಟದ ತೋಪುಗಳು ಕೈವಶವಾದವು. ಮೈಸೂರಿನ ಇನ್ನೊಂದು ತುಕಡಿ ಉತ್ತರದ ಪಕ್ಕದಿಂದ ಶತ್ರುವನ್ನು ಕಾಡಿತು. ಉಳಿದವರು ಜೋಧಪುರದವರಿಗೆ ಗುಂಡಿನ ರಕ್ಷಣೆಯಿತ್ತರು.

ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದ ದಳ ಮುನ್ನುಗ್ಗಿತು. ಹೊಳೆಯ ಉಸುಬಿನಲ್ಲಿ ಮುಂದಿನ ಕುದುರೆಗಳು ಹೂತುಹೋದವು. ದಳ ತಕ್ಷಣವೇ ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್‌ಗನ್ನುಗಳನ್ನು ಕಿತ್ತುಹಾಕಿ ಊರೊಳಗೆ ಹೊಕ್ಕಿತು. ಅವರ ಮೇಜರ್ ದಲ್ಪತ್ ಸಿಂಗ್ ಈ ಕಾಳಗದಲ್ಲಿ ಮಡಿದರು. ಗುಂಡಿನ ಆಸರೆ ನೀಡುತ್ತಿದ್ದ ಮೈಸೂರಿನವರು ಕುದುರೆಯೇರಿ ಅವರ ಹಿಂದೆಯೇ ಊರನ್ನು ಪ್ರವೇಶಿಸಿದರು. ಸೆರೆಸಿಕ್ಕವರು 1,350 ಮಂದಿ. ಇವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳು. ವಶವಾದ ತೋಪುಗಳು 17. ಬ್ರಿಗೇಡಿನಲ್ಲಿ ಮಡಿದವರು 8, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತವು, 83 ಗಾಯಗೊಂಡವು. ಲೆಕ್ಕಪತ್ರಗಳ ನಡುವೆಯೇ ಬಾಳುವ ನನಗೆ ಈ ಅಂಕಿಗಳಲ್ಲಿ ಕಾಣುವುದಿಷ್ಟು: ಮನುಷ್ಯರ ಪಾಲಿನ ಗುಂಡುಗಳಲ್ಲಿ ಬಹುಪಾಲನ್ನು ಕುದುರೆಗಳೇ ಹೊತ್ತವು.

ಆಮೇಲೆ

ಗೆಲುವಿನ ನಂತರ ಹೆಚ್ಚಿನ ಹಗೆ ರೋಗವಾಯಿತು. ಜೌಗು ಬತ್ತಿಸದೆ ಬಿಟ್ಟಿದ್ದ ಶತ್ರುವಿನ ಪ್ರದೇಶವನ್ನು ಹೊಕ್ಕ ಸೈನ್ಯಕ್ಕೆ ಅಕ್ಟೋಬರಿನಲ್ಲಿ ಮಲೇರಿಯ ತಗುಲಿತು. ಅದರ ಜೊತೆಗೆ ಆ ವರ್ಷದ ಇನ್‌ಫ್ಲುಯೆಂಜವೂ ಕೂಡಿತು. ಗುಂಡಿಗಿಂತ ಜ್ವರವೇ ಹೆಚ್ಚು ಜನರನ್ನು ಆಸ್ಪತ್ರೆಗೆ ಸೇರಿಸಿತು. ಅಂಥ ಸ್ಥಿತಿಯಲ್ಲಿಯೇ ಅಕ್ಟೋಬರ್ 26ರಂದು ಅಲೆಪ್ಪೋ ಆಚೆಯ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದವರು ತಮಗಿಂತ ಬಹಳ ದೊಡ್ಡ ಪಡೆಯ ಮೇಲೆ ಎರಗಿ, ಅಪಾರ ನಷ್ಟ ಅನುಭವಿಸಿ ನಿಲ್ಲಬೇಕಾಯಿತು. ನಾಲ್ಕೇ ದಿನಗಳ ನಂತರ ತುರ್ಕಿಯೊಡನೆ ಕದನವಿರಾಮದ ಒಪ್ಪಂದವಾಯಿತು. ನಮ್ಮ ಪಡೆ ತಾಯ್ನಾಡಿಗೆ ಮರಳಿದುದು 1920ರಲ್ಲಿ.

ಈ ರಾವುತರು ಹೋರಾಡಿದ್ದು ಯಾರಿಗಾಗಿ? ನಮ್ಮನ್ನಾಳುತ್ತಿದ್ದ ಸಾಮ್ರಾಜ್ಯಕ್ಕಾಗಿಯೇ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ತುರ್ಕಿಯ ಸುಲ್ತಾನನನ್ನು ಖಲೀಫನೆಂದು ಗೌರವಿಸುತ್ತಿದ್ದ ನಮ್ಮ ಮುಸಲ್ಮಾನ ಸವಾರರ ಮನಸ್ಸಿನಲ್ಲಿ ಏನಿತ್ತೋ, ನಾವು ಊಹಿಸಬಹುದಷ್ಟೆ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಭಾಷೆ ತಿಳಿಯದ ನಾಡಿನಲ್ಲಿ ವಹಿಸಿದ ಕೆಲಸವನ್ನು ಕುಂದಿಲ್ಲದಂತೆ ಮಾಡಿದವರನ್ನು ಹೊರನಾಡ ಕನ್ನಡಿಗರಾದ ನಾವಾದರೂ ಅರಿಯಬೇಡವೆ?

ದೆಹಲಿಯ ತೀನ್ ಮೂರ್ತಿ ಸ್ಮಾರಕವನ್ನು ನಮ್ಮಲ್ಲಿ ಹಲವರು ನೋಡಿರಬಹುದು. 1922ರಲ್ಲಿ ಸ್ಥಾಪಿತವಾದ ಆ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ ಮತ್ತು ಮೈಸೂರಿನ ಪಡೆಗಳ ಪ್ರತೀಕಗಳು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ. ಅದನ್ನು ಕಂಡವರು ನಮ್ಮಲ್ಲಿ ವಿರಳ. ಸಂಸ್ಥಾನಗಳ ಅಶ್ವದಳಗಳು ಸ್ವಾತಂತ್ರ್ಯಾನಂತರ ಒಂದಾಗಿ 61ನೆಯ ಕ್ಯಾವಲ್ರಿಯೆನಿಸಿದವು. ಮೈಸೂರಿನ ಪರಂಪರೆ ಅದರಲ್ಲಿ ಸೇರಿಹೋಗಿದೆ.

ಜೋಧಪುರದವರು ದಲ್ಪತ್ ಸಿಂಗರನ್ನು ಮರೆತಿಲ್ಲ, ಅದು ಸರಿಯಾದುದೇ. ರಸ್ತೆಯಲ್ಲಿ ನುಗ್ಗಿದವರ ಕೀರ್ತಿಯಿಂದ ಒಂದಿಷ್ಟನ್ನೂ ನಾವು ಕಿತ್ತುಕೊಳ್ಳಬೇಕಾಗಿಲ್ಲ. ಬೆಟ್ಟದ ಮೇಲಿನ ತೋಪುಗಳ ಬಾಯಿ ಮುಚ್ಚಿಸಿದವರೂ ಇದ್ದರು ಎಂದು ನೆನೆದರೆ ಸಾಕು. ಮುಂದಿನ ಸೆಪ್ಟೆಂಬರ್ 23ರಂದು ಆ ಹಿರಿಯರ ಮನೆಗೆ ನಾನೇ ಮೈಸೂರುಪಾಕು ಕೊಂಡೊಯ್ದೆ. ಆ ದಿನ ಬೆಟ್ಟವೇರಿದ ಹದಿನೈದು ಸವಾರರ ವಿಷಯವನ್ನು ಹೇಳಿದವನು ನಾನು, ಕೇಳಿದವರು ಅವರು.